ಹಿಂದಿನ ಕಾರ್ಬುರೇಟರಿನ ಉಸಿರು

ಹೆಂಡತಿ ಮೇವಿಸ್ ಬೆನ್ನ ಹಿಂದಿನಿಂದ ಏನೋ ಕೇಳಿದಳು. ಆಲ್ವಿನ್ ಟ್ರಾಂಟರ್ ಹೂಂ ಎಂದು ತಲೆಯಾಡಿಸಿದ. ಏನು ಕೇಳಿದಳೆಂದು ಅವನಿಗೆ ಗೊತ್ತಾದದ್ದು ತಟ್ಟೆಗೆ ಎರಡರ ಬದಲು ಮೂರು ಮೊಟ್ಟೆ ಬಂದು ಬಿದ್ದಾಗ. ಆ ಬೆಳಿಗ್ಗೆ ಅವನಿಗೆ ಒಂದು ಮೊಟ್ಟೆಯೂ ಸೇರುವ ಹಾಗಿರಲಿಲ್ಲ. ಆದರೂ ಹೂಂ ಅಂದ ತಪ್ಪಿಗೆ ಮೂರನ್ನೂ ತಿಂದ. ಮೂರು ವರ್ಷದಿಂದ ಅವನು ಹೀಗೆ ತನ್ನ ಹೂಂಗಳಿಗೆ ಬೆಲೆ ತೆರುತ್ತ ಬಂದಿದ್ದ. ಹೋದ ವರ್ಷ ಒಂದು ಹೂಂ ಅವನನ್ನು ಮೇವಿಸ್‌ಳ ತಂಗಿಯ ಜೊತೆ ಒಂದು ವಾರ ವೇಲ್ಸಿನ ಕಡಲತೀರದಲ್ಲಿ ಮಳೆ ನೋಡುತ್ತ ಕೂರಿಸಿತ್ತು. ಮೇವಿಸ್ ಚಹಾದ ಲೋಟ ಹಿಡಿದು ಮೇಜನ್ನು ಸುತ್ತಿ ಬಂದು ಎದುರಿಗೆ ಕೂತು, ಮುಖ ಎತ್ತಿ, "ಇವತ್ತೇ ಅಲ್ವಾ ಥೆಲ್ಮಾ ಕಾರು ಹೋಗೋದು?" ಎಂದಳು. ಇದು ಪೂರ್ತಿ ಅರ್ಥವಾಯಿತು. ಹೌದು ಎಂದ. "ಪಾಪ, ಅದೊಂದೇ ಖುಷಿ ಇತ್ತು ಅವಳಿಗೆ" ಎಂದಳು ಮೇವಿಸ್. ಮುಖ್ಯವಾದದ್ದು ಏನಾದರೂ ಹೇಳುವಾಗ ಇವಳು ಯಾವಾಗಿನಿಂದ ಹೀಗೆ ಸುತ್ತಿ ಬಂದು ಎದುರಿಗೇ ಕೂರುತ್ತಿದ್ದಾಳೆ ಎಂದು ಅವನಿಗೆ ಥಟ್ಟನೆ ಅನಿಸಿತು. ನೆನಪಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಲೋಟ ತೊಳೆದಿಟ್ಟು ಹೊರಗೆ ಹೋದ.

ಹನ್ನೆರಡು ಗಂಟೆಗೆ ಹೆರಿಫರ್ಡಿನಿಂದ ಒಬ್ಬ ಹಲ್ಲಿನ ಡಾಕ್ಟರು ಬಂದು, ಪಬ್ಬಿನ ಅಂಗಳದಲ್ಲಿ ಥೆಲ್ಮಾ ಪಾರ್ಜಿಟರಳ ಕಾರನ್ನು ನೋಡಿ, ಒಪ್ಪಿಗೆಯಾದರೆ ಕೊಂಡು ಹೋಗುವವನಿದ್ದ. ಒಪ್ಪಿಗೆಯಾಗದೆ ಏನು, ಆಗೇ ಆಗುತ್ತದೆ. ಆ ಇಂಜಿನನ್ನು ಬಿಚ್ಚಿ, ಹೊಸ ಪಿಸ್ಟನ್‌ಗಳನ್ನು ಕೂರಿಸಿ, ಗಡಿಯಾರದ ಹಾಗೆ ಓಡುವಂತೆ ಮಾಡಿಟ್ಟವನು ಆಲ್ವಿನ್ನೇ. ಅದು ಹಾಳಾಗಲು ಕಾರಣನಾದವನೂ ಅವನೇ. ಎರಡನೆಯದು ಅವನೊಬ್ಬನಿಗೇ ಗೊತ್ತು. ಹನ್ನೆರಡರ ಒಳಗೆ ಅವಳಿಗೆ ಹೇಳಬೇಕು. ಕಾರು ಹೋದಮೇಲೆ ಹೇಳಿದರೆ ತನ್ನ ಎದೆಯ ಭಾರ ಇಳಿದೀತು, ಅವಳಿಗೇನು ಬಂತು? ಗ್ಯಾರೇಜಿನ ಬಾಗಿಲು ಎತ್ತಿದ. ಅವನ ಸ್ವಂತ ಎಂಜಿ ಕಾರು, ಅರವತ್ತೇಳರ ಮಾದರಿ, ಕಡುಹಸಿರು, ಮೂಗು ಮುಂದೆ ಮಾಡಿ ನಿಂತಿತ್ತು. ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ, ಒರೆಸಿದ, ಮತ್ತೆ ಅದ್ದಿ ನೋಡಿದ. ನೆನ್ನೆ ರಾತ್ರಿ ನೋಡಿದ್ದ ಗೆರೆಯಲ್ಲೇ ಎಣ್ಣೆ ಇತ್ತು. ಮೊದಲಾದರೆ ಈ ಗ್ಯಾರೇಜಿಗೆ ಬಂದರೆ ಮನಸ್ಸು ತಣ್ಣಗಾಗುತ್ತಿತ್ತು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು, ಡಬ್ಬಿಗಳಲ್ಲಿ ವಿಂಗಡಿಸಿಟ್ಟ ತಿರುಪುಗಳು, ಎಲ್ಲ ಈಗಲೂ ಇದ್ದವು. ಹೂವಿನ ಬೀಜದ ಪೊಟ್ಟಣಗಳ ಕೆಳಗೆ, ಮೇವಿಸ್ ಕೈ ಹಾಕದ ಮೂಲೆಯಲ್ಲಿ, ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರ ಮೇಲೆ ಇನ್ನೊಂದು ಪೊಟ್ಟಣ ಎಳೆದಿಟ್ಟ.

ಪೆಟ್ಟಿಗೆಯಲ್ಲಿದ್ದದ್ದು ಕಳ್ಳತನದ ಮಾಲೇನಲ್ಲ. ಥೆಲ್ಮಾಳ ಇಂಜಿನ್ ಸರಿಮಾಡಲು ಗುಟ್ಟಾಗಿ ಅಂಚೆಯಲ್ಲಿ ತರಿಸಿದ ಒಂದು ಗೇಜು, ಹಳೆ ಕಾರು ಇಟ್ಟ ಹತ್ತು ಜನ ಹೊಸಬರಲ್ಲಿ ಒಂಬತ್ತು ಜನರ ಬಳಿ ಇರುವಂಥದು. ಈ ಕಾರುಗಳಿಗೆ ಗಾಳಿ ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬುರೇಟರ್; ಮುಂದಿನದು ಮುಂದಿನ ಎರಡು ಸಿಲಿಂಡರುಗಳಿಗೆ ಉಣಿಸುತ್ತದೆ, ಹಿಂದಿನದು ಹಿಂದಿನ ಎರಡಕ್ಕೆ. ಎರಡೂ ಒಂದೇ ಸಮ ಉಸಿರೆಳೆಯಬೇಕು. ಒಂದಕ್ಕೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಒಳಗೆ ಬೆಂಕಿ ವಿಪರೀತ ಕಾವಿನಲ್ಲಿ ಉರಿದು ಪಿಸ್ಟನ್ನನ್ನೇ ಕರಗಿಸಿಬಿಡುತ್ತದೆ. ಗೇಜನ್ನು ಕಾರ್ಬುರೇಟರಿನ ಬಾಯಿಗೆ ಇಟ್ಟರೆ ಮುಳ್ಳು ಉಸಿರಿನ ಲೆಕ್ಕ ಹೇಳುತ್ತದೆ. ಆದರೆ ಗೇಜು ಇಡುವುದು ಕಿವಿಯಿಲ್ಲದವರು. ಕಿವಿ ಇದ್ದವನಿಗೆ ಒಂದು ಮೊಳ ರಬ್ಬರ್ ಕೊಳವೆ ಸಾಕು: ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ, ಸುಯ್ ಎನ್ನುವ ಸಣ್ಣ ಸದ್ದು, ಆಮೇಲೆ ಪಕ್ಕದ್ದಕ್ಕೆ, ಅದರ ಸುಯ್. ಎರಡೂ ಒಂದೇ ಆಗುವ ತನಕ ತಿರುಪು ತಿರುವುವುದು. ಸೆವೆರ್ನ್ ಕಣಿವೆಯ ಹಳೆ ಕಾರುಗಳ ಸಂಘದಲ್ಲಿ ಆ ಕಿವಿ ಇದ್ದವನು ಆಲ್ವಿನ್ ಒಬ್ಬನೇ. ಚಳಿಗಾಲ ಮುಗಿದ ಮೊದಲ ಭಾನುವಾರ ಅವನ ಮನೆಯ ಮುಂದೆ ಕಾರುಗಳು ಸಾಲು ನಿಲ್ಲುತ್ತಿದ್ದವು. ಇಪ್ಪತ್ತಾರು ವರ್ಷದಿಂದ ನಡೆದುಬಂದ ಪದ್ಧತಿ. ಹಣ ಮುಟ್ಟುತ್ತಿರಲಿಲ್ಲ, ಒಂದೊಂದು ಕಾರಿಗೆ ಒಂದೊಂದು ಶೀಸೆ ಕಿತ್ತಳೆ ಹಣ್ಣಿನ ಮುರಬ್ಬ. ಅವನು ಕಣ್ಣು ಮುಚ್ಚಿ ಕೊಳವೆ ಕಿವಿಗಿಟ್ಟಾಗ ಅಂಗಳದಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಡೆನ್ಸಿಲ್ ಹಿಂಗ್ಲಿ ಕೂಡ. ಡೆನ್ಸಿಲ್ ನಿವೃತ್ತ ಹರಾಜುಗಾರ, ಬಾಯಿ ಮುಚ್ಚಿದರೆ ಬೆವರು ಬರುವ ಮನುಷ್ಯ. ಆ ಮೌನ ತನಗೆ ಎಷ್ಟು ರುಚಿಸುತ್ತಿತ್ತೆಂದು ಆಲ್ವಿನ್ನಿಗೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾರು ರಸ್ತೆಗೆ ಇಳಿಯಿತು. ಜುಲೈ ತಿಂಗಳ ಮೊದಲ ಭಾನುವಾರ, ಬೇಲಿಗಳೆಲ್ಲ ಹಸಿರು ಉಕ್ಕಿ ರಸ್ತೆಗೆ ಬಾಗಿದ್ದವು. ಇಂಜಿನ್ನಿನ ದಪ್ಪ ಸದ್ದು ಸೀಟಿನ ಮೂಲಕ ಬೆನ್ನುಹುರಿಗೆ ಬರುತ್ತಿತ್ತು, ಅದಕ್ಕೇನೂ ಮೋಸವಿಲ್ಲ. ಅವನ ಕಿವಿಯಿಂದ ಹೋದದ್ದು ಸಣ್ಣ ಸದ್ದುಗಳು. ಹಕ್ಕಿ, ಮಳೆಹನಿ, ಕೆಟಲ್ಲಿನ ಸಿಳ್ಳೆ, ಹೆಂಗಸರ ಮಾತಿನ ಕೊನೆಯಕ್ಷರ. ಕಿಡರ್‌ಮಿನ್‌ಸ್ಟರಿನ ರತ್ನಗಂಬಳಿ ಕಾರ್ಖಾನೆಯ ಮಗ್ಗಗಳ ನಡುವೆ ಮೂವತ್ತೊಂಬತ್ತು ವರ್ಷ ಕಳೆದವನಿಗೆ ಇದು ಬರಲೇಬೇಕಿತ್ತು. ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹದಿನಾರನೇ ವಯಸ್ಸಿಗೇ ಮಗ್ಗ ನಡೆಸುವವರೆಲ್ಲ ತುಟಿ ಓದುವುದನ್ನು ಕಲಿಯುತ್ತಿದ್ದರು. ಮಗ್ಗದ ಆಚೆ ಬದಿಯಿಂದ ನೇಕಾರ ಹೆಂಗಸರು ಫೋರ್‌ಮನ್ನಿನ ವಂಶವನ್ನೆಲ್ಲ ಜಾಲಾಡುತ್ತಿದ್ದರೆ, ಫೋರ್‌ಮನ್ ಪಕ್ಕದಲ್ಲೇ ನಿಂತು ಹವಾಮಾನದ ಮಾತಿರಬೇಕೆಂದುಕೊಂಡು ಮುಗುಳ್ನಗುತ್ತಿದ್ದ. ಆ ವಿದ್ಯೆ ಈಗ ಅವನನ್ನು ಕಾಪಾಡಿತ್ತು. ಎದುರಿಗೆ ಮುಖವಿದ್ದರೆ ಅವನು ಕಿವುಡನಲ್ಲ. ಕಾರ್ಬುರೇಟರಿಗೆ ಮಾತ್ರ ತುಟಿಯಿಲ್ಲ.

ಈ ವರ್ಷ ಮಾರ್ಚಿನ ಆ ಭಾನುವಾರ ಥೆಲ್ಮಾ ಸಾಲಿನಲ್ಲಿ ನಾಲ್ಕನೆಯವಳು. ಅರವತ್ತಾರರ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಹಂಡೆ ಎತ್ತಿ ತೋಳು ಗಟ್ಟಿಯಾದವಳು. ಗಂಡ ಕ್ಲೆಮ್ ಬದುಕಿದ್ದಷ್ಟು ದಿನ ಆ ಕೆಂಪು ಕಾರಿನ ಸ್ಟಿಯರಿಂಗ್ ಮುಟ್ಟಲು ಅವಳಿಗೆ ಬಿಟ್ಟಿರಲಿಲ್ಲ. "ಇದು ಬಾಣಲೆ ಅಲ್ಲಮ್ಮಾ, ಮುರಿದುಹೋಗುತ್ತೆ" ಎನ್ನುತ್ತಿದ್ದ, ಎಲ್ಲರ ಮುಂದೆ. ಅವನು ಸತ್ತ ಆರು ತಿಂಗಳಿಗೆ ಅವಳು ಬೀಗದ ಕೈ ತೆಗೆದುಕೊಂಡು ಗ್ಯಾರೇಜಿಗೆ ಹೋದಳು. ಎರಡು ವರ್ಷದಲ್ಲಿ ಸಂಘದ ಒಂದು ಸವಾರಿಯನ್ನೂ ತಪ್ಪಿಸಲಿಲ್ಲ. ಆ ದಿನ ಅವಳು ಎರಡು ಶೀಸೆ ಮುರಬ್ಬ ತಂದಿದ್ದಳು. ಆಲ್ವಿನ್ ಮುಂದಿನ ಕಾರ್ಬುರೇಟರಿಗೆ ಕೊಳವೆ ಇಟ್ಟ. ಏನೂ ಇಲ್ಲ. ಕೊಳವೆಯಲ್ಲಿ ಕಸ ಸಿಕ್ಕಿದೆಯೆಂದು ಊದಿ ನೋಡಿದ. ಹಿಂದಿನದಕ್ಕೆ ಇಟ್ಟ. ತನ್ನದೇ ರಕ್ತ ಹರಿಯುವ ಮೊರೆತದಂಥದೇನೋ, ಅಷ್ಟೆ. ಮೊದಲ ಮೂರು ಕಾರುಗಳಿಗೆ ಅಷ್ಟೋ ಇಷ್ಟೋ ಕೇಳಿಸಿತ್ತು, ಅಥವಾ ಕೇಳಿಸಿತೆಂದುಕೊಂಡಿದ್ದ. ಕಣ್ಣು ತೆರೆದರೆ ಥೆಲ್ಮಾ ಕೈಕಟ್ಟಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು, ಹಿಂದೆ ಇನ್ನೂ ಐದು ಕಾರು, ಎಲ್ಲರೂ ಮೌನ. ಇವತ್ತು ನನ್ನ ಕೈಲಾಗದು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಅವನು ಮತ್ತೆ ಕಣ್ಣು ಮುಚ್ಚಿ, ಹಿಂದಿನದರ ತಿರುಪನ್ನು ಅಂದಾಜಿನಲ್ಲಿ ಅರ್ಧ ಸುತ್ತು ತಿರುವಿ, ಸ್ವಲ್ಪ ಹೊತ್ತು ಕೇಳಿದವನಂತೆ ನಟಿಸಿ, "ಆಯ್ತು, ಕೋಗಿಲೆ ಹಾಗೆ ಹಾಡ್ತಿದೆ" ಎಂದುಬಿಟ್ಟ.

ಏಪ್ರಿಲ್ ಮಧ್ಯದಲ್ಲಿ ಲುಡ್ಲೋ ಪಟ್ಟಣಕ್ಕೆ ಸಂಘದ ಸವಾರಿ. ಕ್ಲೀ ಬೆಟ್ಟದ ಏರು ಉದ್ದ, ಬಿಡುವಿಲ್ಲದ್ದು. ಅರ್ಧ ಹತ್ತಿದಾಗ ಅವಳ ಕಾರಿನ ಹಿಂದೆ ನೀಲಿ ಹೊಗೆ, ಆಮೇಲೆ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಿಸಿದಂಥ ಸದ್ದು. ಅದು ಆಲ್ವಿನ್ನಿಗೂ ಕೇಳಿಸಿತು. ಮಾರನೆಯ ದಿನ ಅವಳ ಗ್ಯಾರೇಜಿನಲ್ಲಿ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿದ. ಪ್ಲಗ್ಗು ಸುಳ್ಳು ಹೇಳುವುದಿಲ್ಲ; ಅದರ ತುದಿಯ ಬಣ್ಣ ನೋಡಿದರೆ ಒಳಗೆ ಏನು ನಡೆದಿದೆಯೆಂದು ಈ ಕೆಲಸ ಬಲ್ಲ ಯಾರಿಗೂ ಗೊತ್ತಾಗುತ್ತದೆ. ಮುಂದಿನ ಎರಡು ಬಿಸ್ಕತ್ತಿನ ಕಂದು. ಹಿಂದಿನ ಎರಡು ಸೀಮೆಸುಣ್ಣದ ಬಿಳಿ. ಪೆಟ್ರೋಲು ಸಾಲದೆ ಉರಿದ ಬಿಳಿ. ಡ್ರೈವರು ಗೇರು ತಪ್ಪಿಸಿದ್ದರೆ ನಾಲ್ಕೂ ಹಾಗಾಗಬೇಕಿತ್ತು, ಹಿಂದಿನ ಎರಡೇ ಅಲ್ಲ. ಮನೆಯೊಳಗೆ ಅವಳು ಚಹಾ ಮಾಡುತ್ತಿದ್ದಳು. ಅವನ ಕೈ ತಂತಿಯ ಬ್ರಷ್ಷಿನ ಕಡೆ ಹೋಯಿತು. ಹೋಯಿತು ಅನ್ನುವುದು ತಪ್ಪು, ಅವನು ತೆಗೆದುಕೊಂಡ. ನಾಲ್ಕನ್ನೂ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ. ಅವಳು ಲೋಟ ಹಿಡಿದು ಬಂದು ಎದುರಿಗೆ ನಿಂತು ಕೇಳಿದಳು, "ನನ್ನಿಂದಾನಾ ಆಲ್ವಿನ್? ನಿಜ ಹೇಳು, ನಾನೇನೂ ಅತ್ತು ಕರೆದು ಮಾಡಲ್ಲ." ಒಂದೊಂದು ಅಕ್ಷರವೂ ತುಟಿಯ ಮೇಲೆ ಸ್ಪಷ್ಟವಾಗಿತ್ತು. ಕೇಳಿಸಲಿಲ್ಲ ಅನ್ನುವ ನೆಪವೂ ಇರಲಿಲ್ಲ. "ಏರಿನಲ್ಲಿ ಒಂದು ಗೇರ್ ಕೆಳಗಿಳಿಸಬೇಕಿತ್ತು, ಅಷ್ಟೆ" ಎಂದ. ಅವಳು ಲೋಟವನ್ನು ಕೆಳಗಿಟ್ಟು, "ಹಾಗಾದ್ರೆ ಕ್ಲೆಮ್ ಹೇಳಿದ್ದೇ ಸರಿ" ಎಂದಳು. ಅತ್ತು ಕರೆದು ಮಾಡಲಿಲ್ಲ.

ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಮೇ ತಿಂಗಳ ವಾರ್ಷಿಕ ಊಟದಲ್ಲಿ ಸಂಘದವರು ವರ್ಷದ ಅತಿ ದೊಡ್ಡ ಎಡವಟ್ಟಿಗೊಂದು ತಮಾಷೆಯ ಬಹುಮಾನ ಕೊಡುತ್ತಾರೆ. ಹಿಂದಿನ ವರ್ಷ ಡೆನ್ಸಿಲ್ಲಿಗೇ ಬಂದಿತ್ತು, ಪೆಟ್ರೋಲ್ ಟ್ಯಾಂಕಿಗೆ ನೀರು ಹಾಕಿದ್ದಕ್ಕೆ. ಈ ಸಲ ಥೆಲ್ಮಾಳ ತೂತುಬಿದ್ದ ಪಿಸ್ಟನ್ನನ್ನೇ ಮರದ ಹಲಗೆಗೆ ಕೂರಿಸಿ ಅವಳಿಗೇ ಕೊಡುವುದೆಂದು ತೀರ್ಮಾನವಾಯಿತು. ಕೂರಿಸುವವರು ಯಾರು? ಅಂಥ ಕೆಲಸಕ್ಕೆ ನಯವಾದ ಕೈ ಬೇಕಲ್ಲ, ಆಲ್ವಿನ್ನಿಗೇ ಒಪ್ಪಿಸಿದರು. ಅವನು ಓಕ್ ಹಲಗೆ ತಂದು, ಅಂಚು ಉಜ್ಜಿ, ವಾರ್ನಿಷ್ ಬಳಿದು, ಎರಡು ಹಿತ್ತಾಳೆ ತಿರುಪು ಹಾಕಿ ಕೂರಿಸಿಕೊಟ್ಟ. ಕೆಳಗೆ ಹಿತ್ತಾಳೆ ತಗಡಿನಲ್ಲಿ 'ಕೆಳಗಿನ ಗೇರೂ ಒಂದಿದೆ' ಎಂದು ಕೆತ್ತಿಸಿದ್ದರು. ಅವಳು ವೇದಿಕೆಗೆ ಬಂದು ತೆಗೆದುಕೊಂಡು, ನಕ್ಕು, ತಲೆ ಬಾಗಿಸಿ ವಂದಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ಅಂಗೈಗೆ ಅಂಗೈ ತಾಗಿದ್ದು ಗೊತ್ತಾಯಿತು, ಸದ್ದು ಗೊತ್ತಾಗಲಿಲ್ಲ. ಮಾರನೆಯ ವಾರ ಸಂಘದ ಪತ್ರಿಕೆಯಲ್ಲಿ ಕಾರು ಮಾರಾಟಕ್ಕಿದೆ ಎಂಬ ಮೂರು ಸಾಲು ಬಂತು.

ಪಬ್ಬಿನ ಅಂಗಳಕ್ಕೆ ಅವನು ಬಂದಾಗ ಹನ್ನೊಂದು ಮುಕ್ಕಾಲು. ಥೆಲ್ಮಾ ಒಬ್ಬಳೇ ಸಿಗುತ್ತಾಳೆಂದು ಲೆಕ್ಕ ಹಾಕಿದ್ದ. ಆದರೆ ಹಲ್ಲಿನ ಡಾಕ್ಟರು ಆಗಲೇ ಬಂದು ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿದ್ದ, ಅವನ ಕೈಬೆರಳಲ್ಲಿ ಬೀಗದ ಕೈ ತೂಗುತ್ತಿತ್ತು. ಡೆನ್ಸಿಲ್ ಪಕ್ಕದಲ್ಲಿ ತನ್ನ ಬಿಳಿ ಕಾರಿಗೆ ಒರಗಿ ಬಿಯರ್ ಹಿಡಿದಿದ್ದ, ಇನ್ನೂ ಏಳೆಂಟು ಜನ ಸುತ್ತ. ಆಲ್ವಿನ್ನನ್ನು ಕಂಡದ್ದೇ ಡೆನ್ಸಿಲ್ ಡಾಕ್ಟರಿಗೆ ಪರಿಚಯ ಮಾಡಿಕೊಟ್ಟ. "ನೋಡಿ ಸ್ವಾಮಿ, ಬಂದ್ರು ನಮ್ಮ ಗುರುಗಳು. ನಿಮ್ಮ ಇಂಜಿನ್ನು ಇವರ ಕೈಯಲ್ಲಿ ಹುಟ್ಟಿದ್ದು. ಕಣ್ಣು ಮುಚ್ಚಿ ತಗೊಳ್ಳಿ." ಡಾಕ್ಟರು ಗೌರವದಿಂದ ಕೈ ಚಾಚಿದ. ಆಲ್ವಿನ್ ಆ ಕೈ ಹಿಡಿಯಲಿಲ್ಲ. ಒಂದು ಬಿಯರ್ ಕುಡಿದು ಹೇಳೋಣ, ಅವಳು ಶೌಚಕ್ಕೆ ಹೋದಾಗ ಹಿಂದೆ ಹೋಗಿ ಹೇಳೋಣ, ಕಾಗದ ಬರೆದು ಹೇಳೋಣ ಎಂದೆಲ್ಲ ಒಂದು ಕ್ಷಣದಲ್ಲಿ ಬಂದು ಹೋಯಿತು. ಥೆಲ್ಮಾ ಕಾರಿನ ಸೀಟಿನ ಸಂದಿಯಿಂದ ತನ್ನ ಕೈಗವಸುಗಳನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಥೆಲ್ಮಾ, ಕಾರು ಕೊಡಬೇಡ" ಎಂದ. "ಪಿಸ್ಟನ್ ಸುಟ್ಟಿದ್ದು ನಿನ್ನಿಂದ ಅಲ್ಲ. ನನ್ನಿಂದ. ಮಾರ್ಚಿನಲ್ಲಿ ಹಿಂದಿನ ಕಾರ್ಬುರೇಟರನ್ನ ತಪ್ಪಾಗಿ ಕೂರಿಸಿಬಿಟ್ಟೆ. ನಂಗೆ ಏನೂ ಕೇಳಿಸ್ತಿರ್ಲಿಲ್ಲ, ಕೇಳಿಸಿದ ಹಾಗೆ ನಾಟಕ ಆಡ್ದೆ."

ಎಲ್ಲರೂ ಅವನತ್ತ ತಿರುಗಿದರು. ಇಷ್ಟು ದಿನ ಅವನು ಈ ಕ್ಷಣವನ್ನು ನೂರು ಬಗೆಯಲ್ಲಿ ಊಹಿಸಿಕೊಂಡಿದ್ದ: ಬೈಗುಳ, ತಿರಸ್ಕಾರ, ಸಂಘದಿಂದ ಹೊರಗೆ ಹಾಕುವುದು. ನಗುತ್ತಾರೆಂದು ಮಾತ್ರ ಊಹಿಸಿರಲಿಲ್ಲ. ಡೆನ್ಸಿಲ್ ಮೊದಲು ನಕ್ಕ, ಪ್ರೀತಿಯಿಂದಲೇ ನಕ್ಕ, ಆಮೇಲೆ ಉಳಿದವರು. "ನೋಡ್ರಪ್ಪಾ, ದೊಡ್ಡ ಮನುಷ್ಯ ಅಂದ್ರೆ ಹೀಗಿರ್ಬೇಕು" ಎಂದ ಡೆನ್ಸಿಲ್. "ಹೆಂಗಸಿನ ಮುಖ ಬಾಡೋದು ನೋಡಕ್ಕಾಗ್ದೆ ಕಳಂಕ ತನ್ನ ತಲೆ ಮೇಲೆ ಎಳ್ಕೋತಿದಾನೆ. ಬಿಡು ಮಾರಾಯಾ, ಯಾರ ಕಿವಿಗೆ ಹೂ ಇಡ್ತೀಯಾ? ಲುಡ್ಲೋದಲ್ಲಿ ಇರುವೆ ಸೀನಿದ್ರೆ ಇಲ್ಲಿ ಕೇಳೋ ಕಿವಿ ಅದು."

"ಪ್ಲಗ್ಗು ಬೆಳ್ಳಗಿತ್ತು. ಹಿಂದಿನೆರಡು."

"ಎಲ್ಲಿವೆ, ತೋರಿಸು ಹಾಗಾದ್ರೆ."

"ಉಜ್ಜಿಬಿಟ್ಟೆ."

"ಉಜ್ಜಿಬಿಟ್ನಂತೆ" ಎಂದು ಡೆನ್ಸಿಲ್ ಸುತ್ತ ನೋಡಿದ. ಮತ್ತೆ ನಗು.

ಥೆಲ್ಮಾ ನಗಲಿಲ್ಲ. ಚೀಲದ ಜಿಪ್ಪು ಎಳೆದು ಅವನ ಎದುರಿಗೆ ಬಂದಳು. "ಸಾಕು ಆಲ್ವಿನ್. ಕ್ಲೆಮ್ ಹೋದಾಗಿಂದ ಎಲ್ರೂ ನಂಗೆ ಕನಿಕರಾನೇ ಬಡಿಸ್ತಿದೀರಿ, ಹೊಟ್ಟೆ ತುಂಬಿದೆ. ನಾನು ಮಾಡಿದ್ದು ನಾನು ಮಾಡ್ದೆ. ಅದನ್ನೂ ನನ್ನಿಂದ ಕಿತ್ಕೋಬೇಡ." ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟು. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ತಪ್ಪು ಒಪ್ಪಿಕೊಂಡರೂ ತನ್ನ ಹೆಸರು ಇನ್ನಷ್ಟು ಮೇಲಕ್ಕೇರುತ್ತಿದೆ, ಅವಳದು ಇನ್ನಷ್ಟು ಕೆಳಗಿಳಿಯುತ್ತಿದೆ. ಇಲ್ಲಿಗೇ ಬಿಟ್ಟು ಮನೆಗೆ ಹೋಗಬಹುದು. ಹೇಳಿದೆ, ಅವರು ನಂಬಲಿಲ್ಲ, ನಾನೇನು ಮಾಡಲಿ ಎನ್ನಬಹುದು. ಅಷ್ಟು ಸಲೀಸಾಗಿ ಆ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಡೆನ್ಸಿಲ್, ನಿನ್ನ ಕಾರಿನ ಬಾನೆಟ್ ತೆಗಿ" ಎಂದ. "ನಿನ್ನ ಹತ್ರ ಗೇಜ್ ಇದೆಯಲ್ಲ, ತಾ. ನಾನು ಆ ಕಡೆ ತಿರುಗಿರ್ತೀನಿ, ಹಿಂದಿನ ತಿರುಪು ಎಷ್ಟು ಬೇಕಾದ್ರೂ ಕೆಡಿಸು. ಇಂಜಿನ್ ಹಾಕು. ನಾನು ಕಿವೀಲಿ ಸರಿಮಾಡ್ತೀನಿ. ಆಮೇಲೆ ನೀನು ಗೇಜ್ ಇಟ್ಟು ನೋಡು."

"ಏ, ತಮಾಷೆ ಸಾಕು ಕಣೋ."

"ತೆಗಿ ಅಂದೆ."

ಡೆನ್ಸಿಲ್ ಬಿಯರನ್ನು ಗೋಡೆಯ ಮೇಲಿಟ್ಟು ಬಾನೆಟ್ ಎತ್ತಿದ. ಗೇಜಿನ ಪೆಟ್ಟಿಗೆಯ ಮೇಲೆ ಇನ್ನೂ ಅಂಗಡಿಯ ಬೆಲೆಚೀಟಿ ಇತ್ತು. ಆಲ್ವಿನ್ ಬೇಲಿಯ ಕಡೆ ಮುಖ ಮಾಡಿ ನಿಂತ. ಬೇಲಿಯಲ್ಲಿ ಒಂದು ಪುಟ್ಟ ಹಕ್ಕಿ ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು, ಗಂಟಲು ಅದುರುತ್ತಿತ್ತು, ಹಾಡುತ್ತಿರಬೇಕು. ಹಕ್ಕಿಯ ತುಟಿ ಓದಲು ಮಗ್ಗದ ಷೆಡ್ಡಿನಲ್ಲಿ ಕಲಿಸಿರಲಿಲ್ಲ. ಭುಜ ತಟ್ಟಿದರು, ತಿರುಗಿದ. ಇಂಜಿನ್ ನಡುಗುತ್ತಿತ್ತು. ಜೇಬಿನಿಂದ ಕೊಳವೆ ತೆಗೆದು ಮಂಡಿಯೂರಿದ. ಅಭ್ಯಾಸದಂತೆ ಎಲ್ಲರೂ ಮಾತು ನಿಲ್ಲಿಸಿದರು.

ಕಣ್ಣು ಮುಚ್ಚಿದ. ಬೇಕೆಂದೇ ತಪ್ಪು ಮಾಡಿ ತೋರಿಸಿಬಿಡಬಹುದಿತ್ತು, ಅದು ಸುಲಭ. ಆದರೆ ಅದೂ ಇನ್ನೊಂದು ನಾಟಕವೇ ಆಗುತ್ತಿತ್ತು. ಅಲ್ಲದೆ ಕೈಗೆ ಅದು ಒಗ್ಗಲಿಲ್ಲ. ಕೊಳವೆ ಹಿಡಿದ ಮೇಲೆ ಅವನಿಗೆ ಸರಿಮಾಡುವುದೊಂದೇ ಗೊತ್ತಿತ್ತು. ಮುಂದಿನದು. ಏನೂ ಇಲ್ಲ. ಹಿಂದಿನದು. ಏನೂ ಇಲ್ಲ. ಮತ್ತೆ ಮುಂದಿನದು. ಇಪ್ಪತ್ತಾರು ವರ್ಷದ ಭಾನುವಾರಗಳೆಲ್ಲ ಆ ಕೊಳವೆಯಲ್ಲಿ ಬಂದು ನಿಂತ ಹಾಗೆ ಉಸಿರು ಬಿಗಿಹಿಡಿದು ಕೇಳಿದ. ಆಗ, ದೂರದಲ್ಲೆಲ್ಲೋ, ಸುಯ್ ಎಂದಿತು. ಹಿಂದಿನದಕ್ಕೆ ಇಟ್ಟ, ಅಲ್ಲೂ ಇತ್ತು, ಸ್ವಲ್ಪ ಜೋರು. ತಿರುಪನ್ನು ಒಂದು ಕೂದಲೆಳೆ ತಿರುವಿದ. ಕಡಿಮೆಯಾಯಿತು. ಇನ್ನೊಂದು ಕೂದಲೆಳೆ. ಎರಡೂ ಒಂದೇ ಸಮ. ಕೇಳಿಸುತ್ತಿದೆ, ದೇವರೇ, ನನಗೆ ಕೇಳಿಸುತ್ತಿದೆ. ತಾನು ಇಲ್ಲಿಗೆ ಬಂದದ್ದು ಯಾಕೆಂಬುದೇ ಆ ಕ್ಷಣ ಅವನಿಗೆ ಮರೆತುಹೋಗಿತ್ತು. ಎದ್ದು ನಿಂತು, "ಆಯ್ತು" ಎಂದ. ಮುಖದಲ್ಲಿ ನಗುವಿತ್ತು, ಅದು ಅವನಿಗೂ ಗೊತ್ತಾಯಿತು.

ಡೆನ್ಸಿಲ್ ಗೇಜನ್ನು ಮುಂದಿನದಕ್ಕೆ ಒತ್ತಿದ. ಮುಳ್ಳು ನಾಲ್ಕಕ್ಕೆ ಬಂದು ನಿಂತಿತು. ಹಿಂದಿನದಕ್ಕೆ ಒತ್ತಿದ. ಮುಳ್ಳು ಒಂಬತ್ತನ್ನು ದಾಟಿತು. ಡೆನ್ಸಿಲ್ ಗೇಜನ್ನು ಅಲುಗಿಸಿ ಮತ್ತೆ ಇಟ್ಟ. ನಾಲ್ಕು. ಒಂಬತ್ತು. "ನಾನು ಇಷ್ಟು ಕೆಡಿಸಿರ್ಲಿಲ್ಲ" ಎಂದ ಯಾರಿಗೋ. ಅವನ ತುಟಿ ಅಲ್ಲಾಡಿದ್ದು ಸ್ವಲ್ಪವೇ ಆದರೂ ಆಲ್ವಿನ್ ಓದಿಕೊಂಡ. ಮುಳ್ಳನ್ನು ತಾನೂ ನೋಡಿದ. ಹಾಗಾದರೆ ಆ ಸದ್ದು? ಅದು ಇರಲೇ ಇಲ್ಲ. ಅವನು ಅದನ್ನು ನೆನಪಿನಿಂದ ಕೇಳಿಸಿಕೊಂಡಿದ್ದ. ಮಾರ್ಚಿನಲ್ಲಿ ಮೊದಲ ಮೂರು ಕಾರುಗಳಲ್ಲಿ ಕೇಳಿಸಿಕೊಂಡದ್ದೂ ಹೀಗೆಯೇ ಇದ್ದಿರಬೇಕು. ಇಷ್ಟು ದಿನ ಅವನು ಎಲ್ಲರನ್ನೂ ಮೋಸಗೊಳಿಸಿದ್ದೇನೆ ಅಂದುಕೊಂಡಿದ್ದ; ಆ ಎಲ್ಲರಲ್ಲಿ ತಾನೂ ಒಬ್ಬನೆಂದು ಈಗ ಗೊತ್ತಾಗಿ, ಎಲ್ಲರೆದುರೂ ಕಣ್ಣು ತುಂಬಿಬಂತು. ಕೊಳವೆ ಕೈಯಲ್ಲೇ ಇತ್ತು. ಯಾರೂ ನಗಲಿಲ್ಲ. ಸಂಘದ ಖಜಾಂಚಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಮಾರ್ಚಿನ ಆ ಸಾಲಿನಲ್ಲಿ ಖಜಾಂಚಿಯ ಕಾರೂ ಇತ್ತು.

ಥೆಲ್ಮಾ ಗೇಜಿನ ಹತ್ತಿರ ಬಂದು ಬಗ್ಗಿ ತಾನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಡಾಕ್ಟರ ಮುಂದೆ ಅಂಗೈ ಚಾಚಿದಳು. ಆತ ಏನೂ ಕೇಳದೆ ಬೀಗದ ಕೈಯನ್ನು ಅದರಲ್ಲಿ ಇಟ್ಟ. ಬಂದ ದಾರಿಗೆ ಸುಂಕವಿಲ್ಲದ ಮುಖ ಅವನದು, ಪಾಪ. ಅವಳು ಆಲ್ವಿನ್ನಿನ ಎದುರಿಗೆ ಬಂದು ನಿಂತಳು, ಬೇರೆಯವರಿಗೆ ಬೆನ್ನು ಮಾಡಿ. ದನಿ ತೆಗೆಯಲಿಲ್ಲ. ತುಟಿಯನ್ನು ಮಾತ್ರ, ನಿಧಾನವಾಗಿ, ಅವನಿಗೆ ತಿಳಿಯುವಷ್ಟು ಸ್ಪಷ್ಟವಾಗಿ ಅಲ್ಲಾಡಿಸಿದಳು: ಹನ್ನೊಂದು ವಾರ. ಇವನಿಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆಂದು ಅವಳು ಈಗಷ್ಟೇ ಕಂಡುಕೊಂಡಿದ್ದಳೋ, ಮೊದಲೇ ಗೊತ್ತಿತ್ತೋ. ಅವರಿಬ್ಬರಲ್ಲೇ ಉಳಿಯಲಿ ಎಂದು ಅವಳು ಕೊಟ್ಟ ಮರ್ಯಾದೆ ಅದು. ಅವನಿಗೆ ಆ ಮರ್ಯಾದೆ ಬೇಡವಾಗಿತ್ತು.

"ಹೌದು" ಎಂದ ಗಟ್ಟಿಯಾಗಿ. "ಹನ್ನೊಂದು ವಾರ ಮುಚ್ಚಿಟ್ಟೆ. ನೀನು ನನ್ನ ಮುಖ ನೋಡಿ ಕೇಳಿದೆ, ನಾನು ನಿನ್ನ ಮುಖ ನೋಡಿ ಸುಳ್ಳು ಹೇಳ್ದೆ."

ಅವಳು ಅವನಿಗೆ ಹೊಡೆಯುತ್ತಾಳೇನೋ ಎಂದು ಒಂದು ಕ್ಷಣ ಅನಿಸಿತು, ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡು, ಕಾರು ಹತ್ತಿ, ಬಾಗಿಲು ಎಳೆದುಕೊಂಡಳು. ಗುಂಪು ದಾರಿ ಬಿಟ್ಟಿತು. ಕೆಂಪು ಕಾರು ಅಂಗಳದ ಜಲ್ಲಿ ದಾಟಿ ರಸ್ತೆಗೆ ಬಂದು, ಮನೆಯ ಕಡೆ ತಿರುಗುವ ಬದಲು ಬೆಟ್ಟದ ಕಡೆ ತಿರುಗಿತು. ಪಬ್ಬಿನ ಆಚೆಗೇ ಏರು ಶುರುವಾಗುತ್ತದೆ, ತಿರುವಿನಲ್ಲಿ ಗೇರು ಇಳಿಸಬೇಕು. ಆಲ್ವಿನ್ ಗೋಡೆಯ ತನಕ ಓಡಿಹೋಗಿ ನಿಂತ. ಕಾರು ತಿರುವಿಗೆ ಬಂತು, ಹಿಂಭಾಗ ಸ್ವಲ್ಪ ತಗ್ಗಿ ಎದ್ದಿತು, ಬೇಲಿಯ ಮರೆಗೆ ಹೋಯಿತು. ಅಷ್ಟು ದೂರದ್ದು ಅವನಿಗೆ ಏನೂ ಕೇಳಿಸಲಿಲ್ಲ. ಡೆನ್ಸಿಲ್ ಪಕ್ಕದಲ್ಲಿ ಬಂದು ನಿಂತಿದ್ದ.

"ಗೇರ್ ಹೇಗೆ ಇಳಿಸಿದ್ಲು?" ಎಂದು ಕೇಳಿದ ಆಲ್ವಿನ್.

ಡೆನ್ಸಿಲ್ ರಸ್ತೆ ನೋಡುತ್ತಲೇ ಏನೋ ಹೇಳಿದ. ಆಲ್ವಿನ್ ತಲೆಯಾಡಿಸಲಿಲ್ಲ. ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಡೆನ್ಸಿಲ್ಲಿನ ಮುಖ ಕೆಂಪಾಗಿತ್ತು. ಇನ್ನೊಂದು ಸಲ, ನಿಧಾನವಾಗಿ ಹೇಳಿದ.

"ನಮ್ಮಲ್ಲಿ ಯಾರೂ ಅಷ್ಟು ನಯವಾಗಿ ಇಳಿಸಲ್ಲ ಕಣೋ. ನಾನಂತೂ ಇಲ್ಲ."